ಇಲ್ಲದ ಎರಡು ಹಲ್ಲು

ತಣ್ಣಗಿದ್ದಾಗ ದೇವರಂಥ ಗಾಡಿ.
ಮಲ್ಪೆಯಿಂದ ಹೊರಟು ಆದಿಉಡುಪಿ, ಕಲ್ಸಂಕ, ಮಣಿಪಾಲ,
ಒಂದು ಮಾತಿಲ್ಲ.
ಪರ್ಕಳದ ಏರಿನಲ್ಲಿ ಮೈ ಬಿಸಿಯಾದದ್ದೇ ಸರಿ,
ಊಟ ಮಾಡಿ ಜೋಂಪು ಹತ್ತಿದವರ ಹಾಗೆ
ಸುಮ್ಮನೆ ನಿಂತುಬಿಡುತ್ತದೆ.
ಬೆನ್ನ ಹಿಂದೆ ಬಸ್ಸಿನವನ ಹಾರನ್ನು,
ಹನ್ನೆರಡು ಬಾಕ್ಸು ಬಂಗುಡೆ,
ಐಸು ಕರಗಿ ಡಾಂಬರಿನ ಮೇಲೆ ಸಣ್ಣದೊಂದು ತೋಡು.
ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ
ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟು.

ಮೊದಲು ಡೀಸೆಲ್ ಫಿಲ್ಟರೆಂದರು. ಬದಲಿಸಿದೆ.
ಆಮೇಲೆ ರಿಲೇ. ಆಮೇಲೆ ಯಾವುದೋ ಪೈಪು.
ಅತ್ತಿಗೆ ದೃಷ್ಟಿಯೆಂದಳು; ಲಿಂಬೆಹಣ್ಣು ಕಟ್ಟಿದೆ,
ಅದೂ ಒಣಗಿತು, ಪರ್ಕಳದಲ್ಲೇ.

ಇದ್ದಿನಬ್ಬರು ಬಾನೆಟ್ಟಿನೊಳಗೆ ತಲೆ ಹಾಕಿ
ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ,
"ಸೆನ್ಸರ್, ವಾರಿಜಕ್ಕ. ಎಂಟುನೂರೈವತ್ತರ ಸಾಮಾನು.
ಸಿಗ್ಲಿಕ್ಕೆ ಸಿಗ್ತದೆ. ಕೈ ಹೋಗ್ಲಿಕ್ಕಿಲ್ಲ."

ಎಂಜಿನ್ನಿನ ಬೆನ್ನಿಗೆ, ಗೇರುಬಾಕ್ಸು ಕೂಡುವಲ್ಲಿ,
ಸ್ಟಾರ್ಟರ್ ಮೋಟರಿನ ಮರೆಯಲ್ಲಿ ಅದರ ವಾಸ.
ಅಲ್ಲಿಟ್ಟವನು ಯಾರೋ,
ಮುಂದೊಂದು ದಿನ ಬಿಚ್ಚುವವನಿಗೂ ಮೊಣಕೈ ಇರುತ್ತದೆಂದು
ಯೋಚಿಸಿರಲಿಕ್ಕಿಲ್ಲ.
ಇವರ ಕೈ ಸಕ್ಕರೆ ಕಾಯಿಲೆಗೆ ಬಾತಿದೆ.
ಸಪೂರ ಕೈಯ ಹುಡುಗ ವೋಟು ಹಾಕಲು ಬಿಹಾರಕ್ಕೆ ಹೋಗಿದ್ದಾನೆ.
ಇಬ್ಬರೂ ಒಟ್ಟಿಗೇ ನನ್ನ ಕೈ ನೋಡಿದೆವು.

ಸೋಪು ಹಚ್ಚಿ ಬಳೆ ತೆಗೆದೆ. ಎಡಗೈಯದ್ದು ನಾಲ್ಕು,
ಮೂಲೆಯ ಸತ್ತ ಬ್ಯಾಟರಿಯೊಂದರ ಮೇಲಿಟ್ಟೆ.
ಟಿವಿ ಬಂದಿದ್ದ ರಟ್ಟು ಹಾಸಿ
ಅಂಗಾತ ಒಳಗೆ ಜಾರಿದೆ.
ಮೂಗಿನ ಮೇಲೊಂದು ಹನಿ. ಎಣ್ಣೆಯೋ, ಬಂಗುಡೆ ನೀರೋ.
ಇದ್ದಿನಬ್ಬರು ಟಾರ್ಚು ಹಿಡಿದರು.
ಬೆಳಕು ಹೋದಲ್ಲಿಗೆ ಕೈ ಹೋಗದು,
ಕೈ ಹೋದಲ್ಲಿಗೆ ಬೆಳಕು.
"ಆರಿಸಿ ಮಾರಾಯ್ರೆ" ಎಂದೆ.

ಬೆರಳು ಒಂದು ಅಂಚು ಹತ್ತಿ, ಹಿಂದಕ್ಕೆ ಬಾಗಿ,
ಕಿವಿರು ಎತ್ತುವ ಹಾಗೆ ಒಳಗೆ ನುಗ್ಗಿತು.
ಇದು ನನಗೆ ಗೊತ್ತು.
ಬೆಳಗಿನ ನಾಲ್ಕಕ್ಕೆ ಬಂದರಿನಲ್ಲಿ ಕರೆಂಟು ಹೋದಾಗಲೂ
ಇಂದಿನದ್ದೋ ನಿನ್ನೆಯದ್ದೋ ಹೇಳುವ ಬೆರಳು.
ಸಿಕ್ಕಿತು, ಹತ್ತು ನಂಬರಿನ ಬೋಲ್ಟು.

ಸ್ಪ್ಯಾನರು ತಿರುಗಲು ಒಂದು ಉಗುರಷ್ಟು ಜಾಗ.
ತಿರುಗಿಸು, ತೆಗೆ, ಮತ್ತೆ ಕೂರಿಸು,
ಇಪ್ಪತ್ತಮೂರು ಸಲ.
ಬೋಲ್ಟು ಬಂತು, ಸೆನ್ಸರ್ ಬರಲಿಲ್ಲ.
ಹದಿನೈದು ವರ್ಷದ ಉಪ್ಪುಗಾಳಿ ಹಿಡಿದುಕೊಂಡಿದೆ.
ಕನ್ನಡದಲ್ಲಿ ಬೈದೆ. ತುಳುವಿನಲ್ಲಿ ಬೈದೆ.
ಎರಡನೆಯದಕ್ಕೆ ಅಲುಗಾಡಿತು.

ಹೆಬ್ಬೆರಳಷ್ಟು ಕರಿ ಪ್ಲಾಸ್ಟಿಕ್ಕು,
ತುದಿಗೆ ಕಬ್ಬಿಣದ ಪುಡಿಯ ಗಡ್ಡ.
"ಇದರ ಕೆಲಸ ಎಂತದು?"
"ಎಣಿಸುದು. ಒಳಗೆ ಚಕ್ರ ಉಂಟು, ಅರುವತ್ತು ಹಲ್ಲಿನ ಜಾಗ.
ಎರಡು ಮಾತ್ರ ಬೇಕೂಂತ್ಲೇ ಇಟ್ಟಿಲ್ಲ.
ಆ ಖಾಲಿ ಬಂತೂಂದ್ರೆ ಇದಕ್ಕೆ ಗೊತ್ತಾಗ್ತದೆ,
ಒಂದು ಸುತ್ತು ಆಯ್ತೂಂತ."
ಹೇಳಿ ನಕ್ಕಾಗ ಅವರ ಬಾಯಲ್ಲೂ ಎರಡಿರಲಿಲ್ಲ.
ನಾನು ಸುಮ್ಮನಿದ್ದೆ.

ಅಮ್ಮ ಮೀನು ಎಣಿಸುತ್ತಿದ್ದದ್ದೂ ಹೀಗೇ.
ನೂರಕ್ಕೊಂದು ಬದಿಗೆ; ಮಾರಲಿಕ್ಕಲ್ಲ, ಲೆಕ್ಕಕ್ಕೆ.
ನಡುವೆ ಮಾತಾಡಿಸಿದರೆ ಮೊದಲಿಂದ ಶುರು,
ನನಗೊಂದು ಪೆಟ್ಟು.

ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ
ವಯರು ಒತ್ತಿದೆ. ಟಿಕ್.
ಕಿವಿಗಲ್ಲ, ಬೆರಳಿಗೆ ಕೇಳಿಸಿತು.

ಪರ್ಕಳ ಬಂತು. ಬಿಸಿಯ ಮುಳ್ಳು ಮಧ್ಯಕ್ಕೇರಿತು.
ಉಸಿರು ಹಿಡಿದು ಎರಡನೇ ಗೇರು.
ಬಸ್ಸಿನವನು ಅಭ್ಯಾಸಬಲದಿಂದ ಹಾರನ್ನು ಹೊಡೆದ.
ನಿಲ್ಲಲಿಲ್ಲ.

ಹಿರಿಯಡ್ಕ ದಾಟಿದ ಮೇಲೆ ಗೊತ್ತಾಯಿತು,
ಗೇರು ಹಾಕಿದಾಗಲೆಲ್ಲ ಬರುತ್ತಿದ್ದ ಸದ್ದು ಇಲ್ಲ.
ಬಳೆ ಅಲ್ಲೇ, ಬ್ಯಾಟರಿಯ ಮೇಲೆ.
ಕಾರ್ಕಳದ ಹೆಂಗಸರು ಬೋಳು ಕೈ ನೋಡಿ
ಎಂತ ಆಯ್ತೆಂದು ಕೇಳುತ್ತಾರೆ, ದನಿ ತಗ್ಗಿಸಿ.
ಕೇಳಲಿ.
ಐಸು ಕಾಯುವುದಿಲ್ಲ.
ಮೂರನೇ ಗೇರು.