ಸಾದಾ ಗಾಯ

ಧಾರವಾಡದ ಹೈಕೋರ್ಟ್ ಪೀಠ, ಭಾಷಾಂತರ ಶಾಖೆ,
ಕಿಟಕಿಯಿಂದ ಮೂರನೇ ಮೇಜು ನನ್ನದು.
ಕನ್ನಡದಲ್ಲಿ ಬಂದ ನೋವು
ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ
ನನ್ನ ಹತ್ತಿರ ಅರ್ಧ ದಿನ ಕೂತು ಹೋಗುತ್ತದೆ.

ಇವತ್ತಿನದು ಶಿರಹಟ್ಟಿ ಕಡೆಯ ಕಡತ.
ಸಾಕ್ಷಿ ಒಂದು: ಫಕ್ಕೀರವ್ವ, ಸುಮಾರು ಮೂವತ್ತೆರಡು ವರ್ಷ.
ಮುದ್ದೆಮಾಲು ಒಂದು: ಬಾರಕೋಲಿನ ಹಿಡಿ.
ಪುಟ ಹನ್ನೊಂದು:
"ಮೂರನೇ ದಿವಸ ನಾನು ಎದ್ದು ರೊಟ್ಟಿ ಬಡಿದೆನೆಂದರೆ ಸರಿ.
ಆ ರೊಟ್ಟಿಯನ್ನು ಆರೋಪಿಯೂ ಉಂಡನೆಂದರೆ ಸರಿ.
ನನಗೆ ನೋವೇ ಆಗಿರಲಿಲ್ಲವೆಂದರೆ ಸರಿಯಲ್ಲ."

ಹೀಗೆ ಯಾರೂ ಮಾತಾಡುವುದಿಲ್ಲ,
ಶಿರಹಟ್ಟಿಯಲ್ಲಂತೂ ಇಲ್ಲವೇ ಇಲ್ಲ.
ಆಕೆಯನ್ನು ನನಗಿಂತ ಮೊದಲೇ ಯಾರೋ ಭಾಷಾಂತರಿಸಿದ್ದಾರೆ,
ಕನ್ನಡದಿಂದ ಕನ್ನಡಕ್ಕೆ.
ಬೆರಳಚ್ಚುಗಾರನ ಕೈತಪ್ಪಿ
ಒಂದೇ ಒಂದು ಮಾತು ಹಸಿಯಾಗಿ ಉಳಿದಿದೆ:
"ರಾತ್ರೆಲ್ಲಾ ಬ್ಯಾನಿ ತಿಂದೆ."

ತಿಂದೆ.
ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ,
ಹೆರುವಾಗ ಬ್ಯಾನಿ ತಿನ್ನುತ್ತೇವೆ.
ಹೊಟ್ಟೆಗೆ ಹೋದದ್ದಕ್ಕೆ ಯಾರು ಪಂಚನಾಮೆ ಬರೆಯುತ್ತಾರೆ?
ಇಂಗ್ಲಿಷಿನಲ್ಲಿ ತಿನ್ನುವಂತಿಲ್ಲ,
ಗಾಯವನ್ನು ಸಸ್ಟೇನ್ ಮಾಡಬೇಕು,
ಅಂದರೆ, ಬೀಳಗೊಡದೆ ಹೊತ್ತು ನಿಲ್ಲಬೇಕು,
ತಲೆಯ ಮೇಲಿನ ತುಂಬಿದ ಕೊಡದ ಹಾಗೆ.

ವೂಂಡ್ ಎನ್ನಲು ರಕ್ತ ಬೇಕು.
ಬಾರಕೋಲಿನ ಹಿಡಿ ತೊಗಲು ಹರಿಯುವುದಿಲ್ಲ,
ಒಳಗೊಳಗೇ ಕೆಲಸ ಮುಗಿಸುತ್ತದೆ.
ಹರ್ಟ್ ಅನ್ನು ಕಾನೂನು ಮೈಗಷ್ಟೇ ಕೊಟ್ಟಿದೆ;
ನನ್ನ ತಂಗಿಯ ಮಗಳು ಮಾತ್ರ
ಐಸ್‌ಕ್ರೀಮ್ ತರದಿದ್ದರೂ ಹರ್ಟ್ ಆಯ್ತು ಅನ್ನುತ್ತಾಳೆ.
ಡ್ಯಾಮೇಜ್ ವಸ್ತುಗಳ ಪಾಲು,
ದುರ್ಗದಬೈಲಿನಲ್ಲಿ ಡ್ಯಾಮೇಜ್ ಸೀರೆ ಅರ್ಧ ರೇಟು.
ಪುಟ ಹದಿನಾಲ್ಕರಲ್ಲಿ ಗಂಡ ಆಕೆಯನ್ನು
ಡ್ಯಾಮೇಜ್ ಪೀಸ್ ಅಂದಿದ್ದಾನೆ.
ಅಲ್ಲಿ ನನಗೆ ಕೆಲಸವೇ ಇರಲಿಲ್ಲ,
ಲಿಪಿ ಬದಲಿಸಿದೆ, ಅಷ್ಟೇ.

ಅದರ ಬಾಲಕ್ಕೊಂದು ಎಸ್ ಕಟ್ಟಿದರೆ ಸಾಕು,
ಡ್ಯಾಮೇಜು ಪರಿಹಾರದ ರೊಕ್ಕವಾಗುತ್ತದೆ.
ನಮ್ಮದಕ್ಕೂ 'ಗಳು' ಕಟ್ಟಿ ನೋಡಿದೆ:
ಪೆಟ್ಟುಗಳು.
ಹೆಚ್ಚಾದವು.

ಮುಳಗುಂದದ ಶಾಲೆಯಲ್ಲಿ ಗುಡಗುಂಟಿ ಸರ್
ಹರ್ಟಿಗೂ ಹಾರ್ಮಿಗೂ ವ್ಯತ್ಯಾಸ ಕೇಳಿ
ನಾನು ತಡವರಿಸಿದಾಗ
ಗೆಣ್ಣುಗಳ ಮೇಲೆ ರೂಲರಿನ ಅಂಚಿನಿಂದ ಹೊಡೆದು
"ಇದು ಹರ್ಟ್. ಹಾರ್ಮ್ ಇಲ್ಲ.
ನಾಳೆಗೆ ಬಾವು ಇಳೀತೈತಿ" ಅಂದಿದ್ದರು.
ಇಳಿಯಿತು. ವ್ಯತ್ಯಾಸವೂ ನೆನಪುಳಿಯಿತು.
ಈ ನೌಕರಿಯೂ ಅದರಿಂದಲೇ ಬಂತೇನೋ.

ಇಂಜುರಿ ಎಂಬ ಪದದ ಬೇರು ಅಗೆದರೆ
ಸಿಗುವುದು ಗಾಯವಲ್ಲ, ಅನ್ಯಾಯ.
ಆದರೆ ಡಾಕ್ಟರರ ಫಾರ್ಮಿನಲ್ಲಿ ಅದಕ್ಕೆ
ಉದ್ದ, ಅಗಲ, ಬಣ್ಣ ಅಂತ ಮೂರೇ ಕಾಲಂ.
ಎಡ ಪಕ್ಕೆ. ಆರು ಇಂಟು ಎರಡು. ನೀಲಿ.
ಕೊನೆಗೆ ಒಂದು ಪದ: ಸಿಂಪಲ್.

ಎಲುಬು ಮುರಿದಿಲ್ಲ, ಹಲ್ಲು ಬಿದ್ದಿಲ್ಲ, ಕಣ್ಣು ಹೋಗಿಲ್ಲ.
ಇನ್ನುಳಿದ ದಾರಿ ಒಂದೇ:
ನೋವಿನಿಂದ ಇಪ್ಪತ್ತು ದಿನ
ನಿತ್ಯದ ಕೆಲಸ ಮಾಡಲಾಗದೆ ಮಲಗಿದ್ದರೆ
ಗ್ರೀವಿಯಸ್.
ಫಕ್ಕೀರವ್ವ, ನೀ ಮೂರನೇ ದಿನಕ್ಕೇ ಎದ್ದೆ.
ಹದಿನೇಳು ದಿನ ಕಡಿಮೆ ಬಿದ್ದವು.
ಹಿಟ್ಟು ನಾದಿದ ಕೈಯಿಂದಲೇ
ನಿನ್ನ ಗಾಯವನ್ನು ನೀನು ಸಾದಾ ಮಾಡಿಕೊಂಡೆ.

ಆ ಒಂದು ಮಾತಿನ ಮೇಲೆ ಒಂದು ತಾಸು ಕೂತೆ.
ಸಫರ್ಡ್ ಪೇನ್ ಎಂದು ಬರೆದೆ, ಅಳಿಸಿದೆ,
ಏಟ್ ಪೇನ್ ಎಂದು ಬರೆದೆ.
ಮೇಲಿನವರು ಕೆಂಪು ಗೆರೆ ಹೊಡೆದು ಕಳಿಸಿದರು,
ಬದಿಗೆ: ಟೈಪಿಂಗ್ ತಪ್ಪು.
ಸಫರ್ಡ್ ಎಂದೇ ಹೋಯಿತು.

ಸಂಜೆ ಚಿಗರಿಯಲ್ಲಿ ನವನಗರಕ್ಕೆ ನಿಂತೇ ಬರುವಾಗ
ಕಾಲೇಜಿನ ಹುಡುಗಿಯೊಬ್ಬಳು ಕಾಲು ತುಳಿದು
"ಸಾರಿ ಆಂಟಿ, ಹರ್ಟ್ ಆಯ್ತಾ?"
ಇಲ್ಲವ್ವ ಅಂದೆ.
ಅಂದಮೇಲೆ ನೋಡಿಕೊಂಡೆ,
ಕಿರುಬೆರಳಿನ ಉಗುರು ಕಪ್ಪಾಗತೊಡಗಿತ್ತು.
ಮನೆಯಲ್ಲಿ ಹಿಟ್ಟು ಮುಗಿದಿದೆ, ಗಿರಣಿಗೆ ಹೋಗಬೇಕು.