ಸ್ವೋಲ್ಲೇಖ

ತಾರ್ತುವಿನಲ್ಲಿ ಫೆಬ್ರವರಿ. ನದಿಯ ಮೇಲೆ ಇನ್ನೂ ಜನ ನಡೆಯುತ್ತಾರೆ.
ಮೂರನೇ ಮಹಡಿಯಲ್ಲಿ ಕೂತು ನಾನು ಎಣಿಸುತ್ತೇನೆ:
ಯಾರು ಎಷ್ಟು ಬರೆದರು, ಬರೆದದ್ದನ್ನು
ಆಮೇಲೆ ಯಾರು ಎಷ್ಟು ಸಲ ನೆನೆದರು.
ನೆನೆಯುವುದು ನನ್ನ ಮಾತು. ಫಾರಂ ಅದನ್ನು
ಉಲ್ಲೇಖ ಅನ್ನುತ್ತದೆ.

ಇವತ್ತಿನ ಕಡತ: ವಿರ್ವೆ ಪಿಹ್ಲಾಕ್, ತಳಿವಿಜ್ಞಾನ,
ವಯಸ್ಸು ಎಂಬತ್ತಮೂರು, ಬೆಳೆ ರೈ.
ಕಿಟಕಿ ಪಕ್ಕದ ಮೇಜು, ಒಂದು ದೀಪ, ಒಂದು ಭೂತಗನ್ನಡಿ
ನಿವೃತ್ತರಾದ ಮೇಲೂ ಇವರ ಬಳಿ ಉಳಿಯಬೇಕಾದರೆ
ಎಚ್-ಸೂಚ್ಯಂಕ ಎಂಟಾದರೂ ಇರಬೇಕು.
ಎಂಟು ಪ್ರಬಂಧ, ಒಂದೊಂದಕ್ಕೂ ಎಂಟೆಂಟು ಸಲ
ಪರರ ಬಾಯಲ್ಲಿ ಹೆಸರು.
ಚಹಾ ಆರುವ ಮೊದಲೇ ಮುಗಿಯುವ ಲೆಕ್ಕ.

ಐದು ಬಂತು.

ಮತ್ತೆ ತೂರಿದೆ. ಜೊಳ್ಳು ಹಾರಿತು, ಕಾಳು ಅಷ್ಟೇ.
ಇವರ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ
ರೈಯ ಬಗ್ಗೆ ಅಲ್ಲವೇ ಅಲ್ಲ: ಗಾಜಿನ ಪಟ್ಟಿಯ ಮೇಲೆ
ಬೇರಿನ ತುದಿಯನ್ನು ಹರಿಯದಂತೆ ಒತ್ತುವುದು ಹೇಗೆ.
ಎರಡು ಪುಟ, ಒಂದು ಚಿತ್ರ, ಚಿತ್ರದಲ್ಲಿ ಅವರ ಹೆಬ್ಬೆರಳು.
ನಾನೂರ ಹನ್ನೆರಡು ಸಲ ಲೋಕ ಆ ಹೆಬ್ಬೆರಳನ್ನು ಕರೆದಿದೆ.

ನಲವತ್ತು ವರ್ಷ ಅವರು ಹುಡುಕಿದ್ದು ಬೇರೆ:
ಚಳಿಗಾಲದ ರೈ ಹಿಮದಡಿ ಯಾಕೆ ಕಾಯುತ್ತದೆ,
ಅವಸರಕ್ಕೆ ತೆನೆ ಬಿಟ್ಟು ಸಾಯುವ ಗಿಡದೊಳಗೆ
ಯಾವ ಅಕ್ಷರ ತಪ್ಪಿತು.
ಅದಕ್ಕೆ ಉಲ್ಲೇಖ ಆರು. ಒಂದು ಖಂಡನೆ, ಒಂದರಲ್ಲಿ ಇಸವಿ ತಪ್ಪು.
ಕೀಲಿಮಣೆಯ ಸಂದಿಯಲ್ಲಿ ನನ್ನ ಊಟದ ಕಪ್ಪು ರೊಟ್ಟಿಯ ಪುಡಿ.
ಅದೂ ರೈ. ಅದೂ ಯಾರನ್ನೂ ಉಲ್ಲೇಖಿಸುವುದಿಲ್ಲ.

ಆಮೇಲೆ ಸಿಕ್ಕಳು ಇನ್ನೊಬ್ಬಳು.
ವಿ. ಪಿಖ್ಲಾಕ್. ಅದೇ ರೈ, ಅದೇ ಹಿಮ,
ಅರವತ್ತಾರರಿಂದ ತೊಂಬತ್ತರವರೆಗೆ ಬರೆದು ಸುಮ್ಮನಾದವಳು.
ಸೋವಿಯತ್ ಕಾಲದಲ್ಲಿ ರಷ್ಯನ್ ಲಿಪಿಗೆ ಹೋದ ಹೆಸರು
ರೋಮನ್ ಲಿಪಿಗೆ ಮರಳುವಾಗ
ಹಕಾರ ಗಂಟಲಲ್ಲಿ ಸಿಕ್ಕಿ ಖಕಾರವಾಗಿತ್ತು.
ಅಷ್ಟು ದೂರ ನಡೆದರೆ ಯಾರಿಗಾದರೂ ಮಹಾಪ್ರಾಣ ಬರುತ್ತದೆ.
ಅವಳ ಸೂಚ್ಯಂಕ ಒಂಬತ್ತು.

ಕುರ್ಚಿಯಿಂದ ಎದ್ದೇ ಬಿಟ್ಟೆ. ಇಬ್ಬರನ್ನೂ ಸೇರಿಸುವ
ಗುಂಡಿ ಒತ್ತಿದೆ. ಯಂತ್ರ ಕೊಂಚ ಯೋಚಿಸಿ ಹೇಳಿತು:
ಆರು.

ತನ್ನನ್ನು ತಾನು ಕರೆದದ್ದು ಲೆಕ್ಕಕ್ಕಿಲ್ಲ.
ಮೂವತ್ತು ವರ್ಷ ಪಿಖ್ಲಾಕಳನ್ನು ಓದಿ, ಒಪ್ಪಿ, ಜಗಳವಾಡಿ,
ಅಡಿಟಿಪ್ಪಣಿಯಲ್ಲಿ ಹೊತ್ತು ತಿರುಗಿದವಳು
ಬಹುಪಾಲು ಪಿಹ್ಲಾಕ್ ಒಬ್ಬಳೇ.
ಇಬ್ಬರಾಗಿದ್ದಾಗ ಅದು ಕೀರ್ತಿ.
ಒಬ್ಬಳಾದೊಡನೆ ಗೊಣಗಾಟ.

ಫೋನು ಮಾಡಿದೆ. ಬೂಟು ಬಾಗಿಲಲ್ಲಿ ಬಿಟ್ಟು
ಉಣ್ಣೆಯ ಕಾಲುಚೀಲದಲ್ಲೇ ಒಳಬಂದರು,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ.
ಡಬ್ಬಿ ತುಂಬ ಕಾರ್ಡು, ಎಪ್ಪತ್ತರ ದಶಕದವು.
"ದಯವಿಟ್ಟು ನಿಮ್ಮ ಪ್ರಬಂಧದ ಒಂದು ಪ್ರತಿ ಕಳಿಸಿ."
ನೂರು ಕೈಬರಹ, ಒಂದೇ ಒಕ್ಕಣೆ.
ಪ್ರತಿ ಕಾರ್ಡಿನ ಮೂಲೆಯಲ್ಲೂ ಚೌಕಾಕಾರದ ತೂತು:
ಅಕ್ಕನ ಮಗ ಅಂಚೆಚೀಟಿ ಕೂಡಿಡುತ್ತಿದ್ದ.
ಚೀಟಿಯ ಜೊತೆ ಮುದ್ರೆಯೂ ಹೋಯಿತು, ಊರೂ ಹೋಯಿತು.
ಯಾರು ಕೇಳಿದರು, ಯಾವ ದೇಶದ ಯಾವ ಹೊಲದಂಚಿನಿಂದ,
ತೂತಿನಲ್ಲಿ ನೋಡಿದರೆ ನನ್ನ ಮೇಜಿನ ಮರ ಕಂಡಿತು.

"ಇದಕ್ಕೆ ಕಾಲಂ ಇಲ್ಲ," ಅಂದೆ.
"ಗೊತ್ತು. ಡಬ್ಬಿ ಚೆನ್ನಾಗಿದೆ ಅಂತ ತಂದೆ," ಅಂದರು.

ಅಂಕಿ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.
"ಆ ಪಿಖ್ಲಾಕ್ ನನಗಿಂತ ಗಟ್ಟಿಗಿತ್ತಿ, ಕೈರಿತ್.
ಹಿಮದಲ್ಲಿ ಮೊಣಕಾಲೂರಿ ಸಸಿ ಎಣಿಸುತ್ತಿದ್ದಳು.
ಎಷ್ಟು ಬಂದಿದೆ ಅವಳಿಗೆ? ಒಂಬತ್ತಾ?
ಹಾಗಾದರೆ ಮೇಜು ಅವಳಿಗೇ ಕೊಡು.
ಅವಳು ಬರುವವರೆಗೆ ನಾನು ಕೂತಿರುತ್ತೇನೆ."

ಬಿಡಿಸುವ ಗುಂಡಿಯೂ ಇತ್ತು. ಒತ್ತಿದೆ.
ಸಮಿತಿಯಲ್ಲಿ ಯಾರೂ ಏನೂ ಕೇಳಲಿಲ್ಲ.
ಒಂಬತ್ತು ಅಂದರೆ ಒಂಬತ್ತು.

ಏಪ್ರಿಲ್‌ನಲ್ಲಿ ಹಿತ್ತಾಳೆಯ ನಾಮಫಲಕ ಬಂತು, ಖಕಾರದ್ದು.
ಬೆರಳಿನಿಂದ ಆ ಅಕ್ಷರ ತಡವಿ
ಹೊಲದ ಪುಸ್ತಕ ತೆರೆದು, ತಾರೀಖು ಹಾಕಿ ಬರೆದುಕೊಂಡರು:
ಒಂದು ಅಕ್ಷರ ಬದಲು. ಸಸಿ ಬದುಕಿದೆ.

ಆಮೇಲೆ, ಈ ಕೋಣೆಯ ಹೀಟರು ಯಾಕೆ ಕೆಡುತ್ತಲೇ ಇರುತ್ತದೆ
ಎಂದು ಕೇಳಿದರು.