ಪೂರ್ವದ ಗೋಡೆ

ಪಕ್ಕದ ರುದ್ರಸ್ವಾಮಿ ಮೂರಂತಸ್ತು ಎಬ್ಬಿಸಿದ ವರ್ಷ
ನಮ್ಮ ಪೂರ್ವದ ಕಿಟಕಿಗೆ ಇಟ್ಟಿಗೆ ತುಂಬಿದೆವು.
ತೆರೆದರೆ ಅವನ ಗೋಡೆ, ಒಂದು ಗೇಣು ದೂರ,
ಆ ಗೇಣಿನಲ್ಲಿ ಹೆಗ್ಗಣ.
ಬೇತೂರು ರಸ್ತೆಯ ಈ ಓಣಿಯಲ್ಲಿ
ನನ್ನ ಹೊಲಿಗೆ ಮಿಷನ್ನಿಗೆ ಆವತ್ತಿಂದ
ಬೆಳಗೂ ಟ್ಯೂಬ್‌ಲೈಟು, ಬೈಗೂ ಟ್ಯೂಬ್‌ಲೈಟು.

ಬುಡೇನ್ ಸಾಬ್ ಬಂದದ್ದು ಬಾಕಿ ತೀರಿಸಲು,
ಮಗಳ ಮದುವೆಗೆ ಹೊಲಿದ ಹನ್ನೆರಡು ಜೊತೆಯ ಮಜೂರಿ.
ನಾಟಕ ಕಂಪನಿಗೆ ಪರದೆ ಬರೆದ ಕೈ:
ಅರಮನೆ, ಅಡವಿ, ಜೈಲು, ಚಂದ್ರ ಮೂಡಿದ ಬೀದಿ.
ಈಗ ಲಾರಿಯ ಹಿಂದೆ ಗುಲಾಬಿ ಬರೆಯುತ್ತದೆ.
‘ದುಡ್ಡಿಲ್ಲಕ್ಕಾ, ಬಣ್ಣ ಐತೆ.
ಎಲ್ಲಿತ್ತು ನಿಮ್ಮ ಕಿಟಕಿ?’

ಕಾಶ್ಮೀರ ಬೇಡ, ಹಂಸ ಬೇಡ,
ಇದ್ದದ್ದನ್ನೇ ಬರಿ ಅಂದೆ.
ಏನಿತ್ತು? ಒಂದು ಬೇವಿನ ಮರ,
ಮಂಡಕ್ಕಿ ಭಟ್ಟಿಯ ಹೊಗೆ,
ಗಂಗಕ್ಕನ ಮಾಳಿಗೆಯ ತಂತಿಯ ಮೇಲೆ ಕೆಂಪು ಟವೆಲ್ಲು,
ಹತ್ತಿ ಗಿರಣಿಯ ಚಿಮಣಿ.
ಚಿಮಣಿ ಬೇವಿನ ಎಡಕ್ಕೆ ಅಂತ ನಾನು.
ಬಲಕ್ಕೆ ಕಣೇ, ಅಂತ ಪೊರೆಗಣ್ಣಿನ ಅತ್ತೆ.
ಸಾಬ್ ದೂರ ನಿಂತು, ಒಂದು ಕಣ್ಣು ಮುಚ್ಚಿ,
‘ಬಲಕ್ಕಿಟ್ಟರೆ ಚಿತ್ರ ವಾಲ್ತದೆ’ ಅಂದ.
ಎಡಕ್ಕಿಟ್ಟ.
ತಿಂಗಳಾಗುವಷ್ಟರಲ್ಲಿ ಓಣಿಗೆಲ್ಲ
ಚಿಮಣಿ ಎಡಕ್ಕೇ ಇದ್ದ ನೆನಪು.

ಬರೆಯುವ ಮೊದಲು ಎರಡು ಮುಂಜಾನೆ
ಸುಮ್ಮನೆ ನೆಲ ನೋಡುತ್ತಾ ಬೀಡಿ ಸೇದಿದ್ದ.
ಮೈಗಳ್ಳ ಅಂದುಕೊಂಡಿದ್ದೆ.

ನಿಟ್ಟುವಳ್ಳಿಯಿಂದ ಒಬ್ಬ ಟೀಚರು ಬಂದರು,
ಸೀರೆ ಗಿಣಿಹಸಿರು, ದಾರ ಯಾವುದೆಂದು ಗುಮಾನಿ.
‘ಟ್ಯೂಬ್‌ಲೈಟು ಸುಳ್ಳು ಹೇಳ್ತದೆ ಕಣ್ರೀ,
ಬೆಳಕಲ್ಲಿ ನೋಡಬೇಕು’
ಅನ್ನುತ್ತಾ ಎದ್ದು ಕಿಟಕಿಯ ಹತ್ತಿರ ಹೋದರು.
ಆ ಕಿಟಕಿಯ ಹತ್ತಿರ.
ಸೆರಗಿನ ಮೇಲೆ ಉಂಡೆ ಇಟ್ಟು, ಹೊರಗಿನ ಬೇವಿನತ್ತ ತಿರುಗಿಸಿ,
ಕಣ್ಣು ಕಿರಿದು ಮಾಡಿ,
‘ಹೊಂದುತ್ತೆ’ ಅಂದರು.
ನಾನು ಬಾಯಿ ಬಿಡಲಿಲ್ಲ.
ಹೊಲಿದು ಬೀದಿಗೆ ಒಯ್ದು ನೋಡಿದೆ.
ಹೊಂದಿತ್ತು.

ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ ನಮಗೆ.
ಅದರಿಂದ ಇಳಿದ ರೂಪಾಯಿಯಗಲ ಬಿಸಿಲು
ನೆಲ ದಾಟಿ, ಮಿಷನ್ನಿನ ಕಾಲು ಹತ್ತಿ,
ಪುಷ್ಯದ ಒಂದು ವಾರ ಮಾತ್ರ
ಸಾಬ್ ಬರೆದ ಹೊಸ್ತಿಲ ಬಿಸಿಲಿನ ಮೇಲೆ
ತಪ್ಪದೆ ಬಂದು ಕೂರುತ್ತದೆ,
ಒಂದು ಬಾಬಿನ್ನಿಗೆ ದಾರ ಸುತ್ತುವಷ್ಟು ಹೊತ್ತು.
ಆಗ ಯಾವ ಅಂಚು ಬಣ್ಣದ್ದು, ಯಾವುದು ಸೂರ್ಯನದು
ಬಿಚ್ಚಲಾಗದ ಹೊಲಿಗೆ.
ಸರಿದ ಮೇಲೆ
ಬರೆದದ್ದು ಸ್ವಲ್ಪ ಮಂಕು ಕಾಣುತ್ತದೆ.
ಉಳಿದದ್ದೂ.

ಹನ್ನೊಂದು ವರ್ಷ ಒಣಗಿತು ಆ ಟವೆಲ್ಲು.
ಮಳೆ ಹನಿದರೆ ಅತ್ತೆ ಗೋಡೆಗೆ ಕೂಗುವರು:
‘ಗಂಗೀ, ಬಟ್ಟೆ ತೆಗಿಯೇ!’
ಕಂಡಿತ್ತೋ, ಆಟವೋ,
ಹೋಗುವಾಗಲೂ ಹೇಳಲಿಲ್ಲ.

ಹೋದ ತಿಂಗಳು ರಸ್ತೆ ಅಗಲಿಸಲು
ರುದ್ರಸ್ವಾಮಿಯ ಮೂರಂತಸ್ತು ಕೆಡವಿದರು.
ಗಾರೆ ಕೆಲಸದ ತಿಪ್ಪೇಶಿ ಗೋಡೆ ತಟ್ಟಿ ನೋಡಿದ.
‘ನಾಕು ಏಟು ಅಕ್ಕಾ, ನಿಜವಾದ ಕಿಟಕಿ.’
ಹೊರಗೆ ಹೋಗಿ, ಧೂಳಿನಲ್ಲಿ,
ಕಿಟಕಿ ನೋಡುತ್ತಿದ್ದಲ್ಲೇ ಬೆನ್ನಿಟ್ಟು ನಿಂತೆ.
ಬೇವು ಇತ್ತು. ಗಂಗಕ್ಕನ ಮಾಳಿಗೆ ಇಲ್ಲ.
ಚಿಮಣಿ ಯಾವಾಗಲೋ ಹೋಗಿದೆ, ಯಾರೂ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ, ದಿನಾ ನೋಡುತ್ತಿದ್ದೆನಲ್ಲ.
ಅದರ ಬುಡ ಮಾತ್ರ, ಮೊಣಕಾಲೆತ್ತರ, ಉಳಿದಿತ್ತು.
ಬಲಕ್ಕೆ.

ಒಳಗೆ ಬಂದಾಗ ತಿಪ್ಪೇಶಿ
ಒಡೆಯುವ ಅಳತೆಗೆ ಚಿತ್ರದ ಸುತ್ತ
ಸೀಮೆಸುಣ್ಣದಲ್ಲಿ ಚೌಕ ಎಳೆದಿದ್ದ.
ಅದರಿಂದ ಚಿತ್ರಕ್ಕೆ
ಇಲ್ಲದ ಒಂದು ಚೌಕಟ್ಟು ಬಂದಿತ್ತು.
‘ನಾಳೆ ಬರಲಾ?’ ಅಂದ.

ಗೆರೆ ಎಳೆದ ಬಟ್ಟೆಯನ್ನೆಲ್ಲ
ನಾನೇನು ಕತ್ತರಿಸಿಬಿಟ್ಟಿದ್ದೇನೆಯೇ.
ಕತ್ತರಿ ಕೈಯಲ್ಲೇ ಇತ್ತು.
ಚಹಾ ಕುಡಿದು ಹೋಗು ಅಂದೆ.